ಚಾಮುಂಡಿ ಬೆಟ್ಟದಷ್ಟೇ ಎತ್ತರ, ಆದರೆ ಕಡಲ ಮಟ್ಟದಿಂದ

ಪ್ರಶ್ನೆ: ನಾವು ಮೈಸೂರಿನವರು. ನಾಲ್ಕು ವರ್ಷದಿಂದ ಲೀಡ್ಸ್‌ನಲ್ಲಿದ್ದೇವೆ. ಜೂನ್‌ನಲ್ಲಿ ಅಪ್ಪ ಬರುತ್ತಿದ್ದಾರೆ, ಅವರಿಗೆ 64. ಸ್ಕಾಟ್ಲೆಂಡಿನ ಕಿಂಟೇಲ್‌ನಲ್ಲಿರುವ 'ಫೈವ್ ಸಿಸ್ಟರ್ಸ್' ಬೆಟ್ಟಸಾಲನ್ನು ಒಂದೇ ದಿನದಲ್ಲಿ ನಡೆಯಬೇಕು ಅಂತ ನನಗೂ ನನ್ನ ಹೆಂಡತಿಗೂ ಆಸೆ. ಅತಿ ಎತ್ತರದ ನೆತ್ತಿ 1067 ಮೀಟರ್ ಅಷ್ಟೇ. ನಾವು ಕುಮಾರ ಪರ್ವತ ಹತ್ತಿ ಇಳಿದವರು. ಅಪ್ಪ ಈಗಲೂ ತಿಂಗಳಿಗೆ ಎರಡು ಸಲ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತಾರೆ. ಮೂವರೂ ಹೋಗಬಹುದಾ? ಏನೇನು ತಿಳಿದಿರಬೇಕು?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ನೀವಿಬ್ಬರೂ ಹೋಗಬಹುದು, ಹವಾಮಾನ ನೋಡಿಕೊಂಡು, ತಯಾರಿ ಮಾಡಿಕೊಂಡು. ನಿಮ್ಮ ತಂದೆಯವರನ್ನು ಈ ಸಾಲಿನ ಮೇಲೆ ಕರೆದುಕೊಂಡು ಹೋಗಬೇಡಿ. ವಯಸ್ಸಿನಿಂದ ಹೇಳುತ್ತಿಲ್ಲ. ಈ ಬೆಟ್ಟಗಳಲ್ಲಿ ಎಪ್ಪತ್ತು ದಾಟಿದವರು ನನ್ನನ್ನು ಹಿಂದೆ ಹಾಕಿ ನಡೆದದ್ದನ್ನು ನೋಡಿದ್ದೇನೆ. ಆದರೆ ಅವರೆಲ್ಲ ಇದೇ ನೆಲದಲ್ಲಿ, ಇದೇ ಗಾಳಿಯಲ್ಲಿ ಪಳಗಿದವರು.

ಎತ್ತರದ ಲೆಕ್ಕದಿಂದಲೇ ಶುರು ಮಾಡೋಣ, ಯಾಕೆಂದರೆ ನಮ್ಮವರು ಹೆಚ್ಚಾಗಿ ಎಡವುವುದು ಅಲ್ಲೇ. ಚಾಮುಂಡಿ ಬೆಟ್ಟ ಸಮುದ್ರ ಮಟ್ಟದಿಂದ ಸುಮಾರು 1060 ಮೀಟರ್. ಫೈವ್ ಸಿಸ್ಟರ್ಸ್‌ನ ದೊಡ್ಡ ನೆತ್ತಿ ಸ್ಕೂರ್ ಊಅರನ್ 1067. ಹೆಚ್ಚುಕಮ್ಮಿ ಒಂದೇ. ಆದರೆ ಮೈಸೂರೇ 760 ಮೀಟರ್ ಎತ್ತರದಲ್ಲಿದೆ. ಸಾವಿರ ಮೆಟ್ಟಿಲು ಹತ್ತಿ ಗುಡಿ ಮುಟ್ಟಿದಾಗ ಅಪ್ಪ ನಿಜವಾಗಿ ಏರಿರುವುದು 300 ಮೀಟರ್ ಒಳಗೆ. ಕಿಂಟೇಲ್‌ನಲ್ಲಿ ಬೆಟ್ಟದ ಬುಡವನ್ನು ಲಾಖ್ ಡೂಯಿಖ್‌ನ ಉಪ್ಪುನೀರು ನೆಕ್ಕುತ್ತದೆ. ಸಾಲಿನ ಮೇಲಿನ ಹತ್ತಿಳಿತಗಳನ್ನೆಲ್ಲ ಕೂಡಿಸಿದರೆ ಒಂದು ದಿನದಲ್ಲಿ 1500 ಮೀಟರ್ ಏರು. ಅಂದರೆ ಒಂದೇ ದಿನ ಐದು ಸಲ ಚಾಮುಂಡಿ ಬೆಟ್ಟ. ಅದೂ ಮೆಟ್ಟಿಲಿಲ್ಲದೆ, ನೆರಳಿಲ್ಲದೆ, ನಡುವೆ ಕಬ್ಬಿನ ಹಾಲಿನ ಅಂಗಡಿ ಇಲ್ಲದೆ.

ಲಾಖ್ ಅಂದರೆ ಸ್ಕಾಟ್ಲೆಂಡಿನಲ್ಲಿ ಸರೋವರವೂ ಹೌದು, ಒಳನಾಡಿಗೆ ನುಗ್ಗಿ ಬಂದ ಕಡಲಿನ ತೋಳೂ ಹೌದು. ಡೂಯಿಖ್ ಎರಡನೇ ಬಗೆಯದು. ಹಿಮಯುಗದಲ್ಲಿ ಹಿಮನದಿ ಕಣಿವೆಯನ್ನು ಆಳವಾಗಿ ಕೊರೆಯಿತು, ಆಮೇಲೆ ಸಮುದ್ರ ಒಳಗೆ ಬಂದು ತುಂಬಿತು. ಬೆಟ್ಟದ ಇಳಿಜಾರು ಅಷ್ಟು ಕಡಿದಾಗಿರುವುದು ಅದಕ್ಕೇ. ಮೇಲಿನಿಂದ ನೋಡಿದಾಗ ಕಡಲಿನ ಇಳಿತದ ಹೊತ್ತಾಗಿದ್ದರೆ, ನೀರಿನ ಅಂಚಿಗೆ ಕಂದು ಬಣ್ಣದ ದಾರ ಕಟ್ಟಿದ ಹಾಗೆ ಕಾಣುತ್ತದೆ. ಅದು ಕಡಲಪಾಚಿ. ಸಾವಿರ ಮೀಟರ್ ಮೇಲೆ ಕೂತು ಸಮುದ್ರದ ಏರಿಳಿತ ನೋಡುವುದು, ಅದೊಂದೇ ಕಾರಣಕ್ಕೆ ನಾನು ಈ ಸಾಲಿಗೆ ಮತ್ತೆ ಮತ್ತೆ ಹೋಗುತ್ತೇನೆ.

ಕುಮಾರ ಪರ್ವತ ಹತ್ತಿದ್ದೀರಿ ಅಂದರೆ ನಿಮ್ಮ ಕಾಲಿಗೆ ಏರು ಗೊತ್ತಿದೆ. ಅದು 1712 ಮೀಟರ್, ಕುಕ್ಕೆಯಿಂದ ಹೊರಟರೆ ಏರು ಇದಕ್ಕೇನೂ ಕಮ್ಮಿ ಅಲ್ಲ. ಹಾಗಾಗಿ ಶಕ್ತಿಯ ಬಗ್ಗೆ ನನಗೆ ಚಿಂತೆ ಇಲ್ಲ. ವ್ಯತ್ಯಾಸ ಇರುವುದು ಬೇರೆ ಕಡೆ. ಕುಮಾರ ಪರ್ವತದಲ್ಲಿ ಹತ್ತಿದ ದಾರಿಯಲ್ಲೇ ಇಳಿಯುತ್ತೀರಿ. ಸುಸ್ತಾದರೆ ಅಲ್ಲೇ ತಿರುಗಿದರೆ ಆಯಿತು, ಅರ್ಧ ದಾರಿಯಲ್ಲಿ ಭಟ್ಟರ ಮನೆ ಇದೆ. ಫೈವ್ ಸಿಸ್ಟರ್ಸ್ ಹಾಗಲ್ಲ. ಅದು ಏಣಿನ ಮೇಲಿನ ನಡಿಗೆ. ಹಂಚಿನ ಮನೆಯ ಮಾಡಿನ ನಡುಗೆರೆ ಇರುತ್ತಲ್ಲ, ಅದರ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದ ಹಾಗೆ. ಎರಡೂ ಪಕ್ಕ ಜಾರು. ನಡುವೆ ತಲುಪಿದ ಮೇಲೆ ಹಿಂದಕ್ಕೆ ಹೋಗುವುದೂ ಮುಂದಕ್ಕೆ ಹೋಗುವುದೂ ಒಂದೇ ದೂರ. ಈ ಸಾಲಿನಲ್ಲಿ ಪಕ್ಕದ ಬಾಗಿಲು ಇಲ್ಲ. ಈ ಒಂದು ಮಾತು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದ ತಯಾರಿಯೆಲ್ಲ ತಾನಾಗಿ ಅರ್ಥವಾಗುತ್ತದೆ.

ಈಗ ದಾರಿ. ಎಲ್ಲರೂ ಸಾಮಾನ್ಯವಾಗಿ ಪೂರ್ವದಿಂದ ಪಶ್ಚಿಮಕ್ಕೆ, ಅಂದರೆ ಕಡಲಿನ ಕಡೆಗೆ ನಡೆಯುತ್ತಾರೆ. ನೀವೂ ಹಾಗೇ ಮಾಡಿ. ಗ್ಲೆನ್ ಶೀಲ್ ಕಣಿವೆಯ ಎ87 ರಸ್ತೆಯಿಂದ ಹತ್ತಲು ಶುರು. ಮೊದಲ ಗುರಿ ಬ್ಯಾಲಖ್ ಅನ್ ಲಾಪನ್. ಬ್ಯಾಲಖ್ ಅಂದರೆ ಎರಡು ಬೆಟ್ಟಗಳ ನಡುವಿನ ತಗ್ಗು. ತಗ್ಗು ಅಂದರೂ ಅದು 720 ಮೀಟರ್ ಮೇಲಿದೆ. ರಸ್ತೆಯಿಂದ ಅಲ್ಲಿಗೆ 500 ಮೀಟರ್‌ಗಿಂತ ಜಾಸ್ತಿ ಏರು, ಒಂದೇ ಉಸಿರಿಗೆ, ಹುಲ್ಲಿನ ಮೇಲೆ ಅಂಕುಡೊಂಕಾಗಿ. ದಿನದ ಅತಿ ಬೇಜಾರಿನ ಭಾಗ ಇದೇ. ಇಲ್ಲಿ ಓಡಬೇಡಿ. ಮಾತಾಡಿಕೊಂಡು ಹತ್ತುವಷ್ಟು ನಿಧಾನ ಇರಲಿ.

ತಗ್ಗು ಮುಟ್ಟಿದ ಮೇಲೆ ಎಡಕ್ಕೆ ತಿರುಗಿ ಏಣು ಹಿಡಿಯುತ್ತೀರಿ. ಮೊದಲ ದೊಡ್ಡ ನೆತ್ತಿ ಸ್ಕೂರ್ ನನ್ ಸ್ಪಾಂಟ್ಯಖ್, 990 ಮೀಟರ್. ಇಲ್ಲಿನ ಹಳೆಯ ಭಾಷೆ ಗೇಲಿಕ್‌ನಲ್ಲಿ 'ಸ್ಪೇನಿನವರ ಶಿಖರ' ಅಂತ ಅರ್ಥ. ಸ್ಕಾಟ್ಲೆಂಡಿನ ಬೆಟ್ಟಕ್ಕೆ ಸ್ಪೇನಿನ ಹೆಸರು ಯಾಕೆ ಬಂತು ಅನ್ನುವುದು ಒಳ್ಳೆ ಕಥೆ. 1719ರ ಜೂನ್ 10ರಂದು ಕೆಳಗಿನ ಕಣಿವೆಯಲ್ಲಿ ಯುದ್ಧ ನಡೆಯಿತು. ಗದ್ದುಗೆ ಕಳೆದುಕೊಂಡಿದ್ದ ಸ್ಟುವರ್ಟ್ ವಂಶದ ಪರವಾಗಿ ಹೈಲ್ಯಾಂಡಿನವರು, ಅಂದರೆ ಇಲ್ಲಿನ ಬೆಟ್ಟನಾಡಿನವರು, ದಂಗೆ ಎದ್ದಿದ್ದರು. ಸ್ಪೇನಿನ ರಾಜ ಅವರ ಸಹಾಯಕ್ಕೆ ಸೈನಿಕರನ್ನು ಕಳಿಸಿದ್ದ. ಸರ್ಕಾರದ ಪಡೆ ಗುಂಡಿನ ಮಳೆ ಸುರಿಸಿದಾಗ ಹೈಲ್ಯಾಂಡಿನವರು ಚದುರಿದರು. ಸ್ಪೇನಿನವರು ಹೋರಾಡುತ್ತಲೇ ಈ ಬೆಟ್ಟದ ಮೇಲಕ್ಕೆ ಹಿಮ್ಮೆಟ್ಟಿ, ಮಾರನೇ ದಿನ ಶರಣಾದರು. ತಮ್ಮದಲ್ಲದ ಜಗಳಕ್ಕೆ ಅಷ್ಟು ದೂರದಿಂದ ಬಂದ ಆ ಹುಡುಗರು, ಗೊತ್ತಿಲ್ಲದ ಬೆಟ್ಟವನ್ನು ಸಾಮಾನು ಹೊತ್ತು ಹತ್ತಿದ್ದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಚುರ್ ಅನ್ನುತ್ತದೆ. ಇದೇ ದಂಗೆಯ ಸಮಯದಲ್ಲಿ, ಒಂದು ತಿಂಗಳ ಮುಂಚೆ, ಲಾಖ್‌ನ ಬಾಯಲ್ಲಿರುವ ಐಲಿಯನ್ ಡೋನನ್ ಕೋಟೆಯನ್ನು ನೌಕಾಪಡೆಯ ಹಡಗುಗಳು ಹೊಡೆದು ಕೆಡವಿದವು. ಅದು ಸುಮಾರು 200 ವರ್ಷ ಪಾಳು ಬಿದ್ದಿತ್ತು. ಈಗ ಫೋಟೋಗಳಲ್ಲಿ ನೋಡುವ ಕೋಟೆ 1932ರಲ್ಲಿ ಕಟ್ಟಿ ಮುಗಿಸಿದ್ದು.

ಈ ಸ್ಪೇನಿನವರ ಶಿಖರ ಐವರು ಅಕ್ಕತಂಗಿಯರಲ್ಲಿ ಸೇರಿಲ್ಲ. ಐವರು ಅಂದರೆ ಸ್ಕೂರ್ ನ ಕೀಶ್ಟ ಡೂಯ (1027), ಸ್ಕೂರ್ ನ ಕಾರ್ನಖ್ (1002), ಸ್ಕೂರ್ ಊಅರನ್ (1067), ಸ್ಕೂರ್ ನನ್ ಸಾಯೆಡ್ (929), ಸ್ಕೂರ್ ನ ಮೋರಿಖ್ (876). ಮೊದಲ ಮೂರು 'ಮನ್ರೋ'ಗಳು. 3000 ಅಡಿ, ಅಂದರೆ 914 ಮೀಟರ್ ದಾಟಿದ ಬೆಟ್ಟಗಳನ್ನು ಹ್ಯೂ ಮನ್ರೋ ಎಂಬುವರು 1891ರಲ್ಲಿ ಪಟ್ಟಿ ಮಾಡಿದರು, ಈಗ ಅದರಲ್ಲಿ 282 ಇವೆ. ಕಾರ್ನಖ್ ಆ ಪಟ್ಟಿಗೆ ಸೇರಿದ್ದು 1997ರಲ್ಲಿ. ಸಾಯೆಡ್ ಕೂಡ 914 ದಾಟಿದೆಯಲ್ಲ ಅಂತ ಕೇಳಬಹುದು. ಪಕ್ಕದ ನೆತ್ತಿಯಿಂದ ಸಾಕಷ್ಟು ಬೇರೆಯಾಗಿ ನಿಲ್ಲದಿದ್ದರೆ ಅದನ್ನು ಸ್ವತಂತ್ರ ಬೆಟ್ಟ ಅಂತ ಎಣಿಸುವುದಿಲ್ಲ. ಊರಿನವರ ಕಥೆಯಲ್ಲಿ ಇವರು ಏಳು ಜನ ಅಕ್ಕತಂಗಿಯರು. ಕಡಲು ದಾಟಿ ಬಂದ ಇಬ್ಬರು ರಾಜಕುಮಾರರು ಇಬ್ಬರನ್ನು ಮದುವೆಯಾಗಿ, ಉಳಿದವರಿಗೆ ನಮ್ಮ ಅಣ್ಣತಮ್ಮಂದಿರನ್ನು ಕಳಿಸುತ್ತೇವೆ ಅಂತ ಮಾತು ಕೊಟ್ಟು ಹೋದರು. ಯಾರೂ ಬರಲಿಲ್ಲ. ಐವರೂ ಕಡಲ ಕಡೆ ಮುಖ ಮಾಡಿ ಕಾದು ಕಾದು ಬೆಟ್ಟವಾದರು.

ಸ್ಪಾಂಟ್ಯಖ್‌ನಿಂದ ಇಳಿಯುವಾಗ ಒಂದು ಚಿಕ್ಕ ಬಂಡೆಯ ಮೆಟ್ಟು ಬರುತ್ತದೆ, ಅಲ್ಲಿ ಕೈ ಊರಿ ಇಳಿಯಬೇಕು. ಕೀಶ್ಟ ಡೂಯ ಹತ್ತಿರ ಏಣು ಎರಡಾಗಿ ಸೀಳಿದ ಹಾಗಿದ್ದು ನಡುವೆ ಹಳ್ಳ ಬಿದ್ದಿದೆ. ಮಂಜು ಕವಿದರೆ ಅಲ್ಲಿ ಎತ್ತ ಹೋಗಬೇಕು ಅಂತ ತಲೆ ತಿರುಗುತ್ತದೆ. ಅಲ್ಲಿಂದ ಮುಂದೆ ಏಣು ವಾಯವ್ಯಕ್ಕೆ ತಿರುಗುತ್ತದೆ. ಗ್ಲೆನ್ ಶೀಲ್ ಕಡೆಯ ಇಳಿಜಾರಂತೂ ಬಂಡೆಬಂಡೆ, ರಸ್ತೆ ಕಾಲ ಕೆಳಗೇ ಕಾಣಿಸುತ್ತದೆ, ಆ ಆಸೆಗೆ ಬಿದ್ದು ನೇರ ಇಳಿಯಲು ಹೋಗಬಾರದು. ಕಾರ್ನಖ್ ಪೂರ್ತಿ ಕಲ್ಲುಕಲ್ಲು. ಅದನ್ನು ಇಳಿದು ತಗ್ಗಿಗೆ ಬಂದಾಗ ಮುಂದೆ ಊಅರನ್ ಗೋಡೆ ಥರ ಎದ್ದು ನಿಂತಿರುತ್ತದೆ. ಇನ್ನೂ 200 ಮೀಟರ್ ಏರು. ಕಾಲು ಸೋಲುವುದು ಇಲ್ಲೇ, ಅದಕ್ಕೆ ತಗ್ಗಿನಲ್ಲೇ ಕೂತು ತಿಂದು ಹೊರಡಿ.

ಊಅರನ್ ನೆತ್ತಿಯ ಕಲ್ಲುಗುಪ್ಪೆಯಿಂದ ಎಲ್ಲವೂ ಕಾಣುತ್ತದೆ. ಕಾಲಡಿಯಲ್ಲಿ ಡೂಯಿಖ್, ಆಚೆ ಸ್ಕೈ ದ್ವೀಪದ ಗರಗಸದಂಥ ಕೂಲಿನ್ ಬೆಟ್ಟಗಳು, ಕಣಿವೆಯ ಆ ಬದಿಗೆ ದಿ ಸ್ಯಾಡಲ್ ಎಂಬ ಬೆಟ್ಟ. ಆದರೆ ದಿನದ ದೊಡ್ಡ ತಪ್ಪು ಆಗುವುದೂ ಇಲ್ಲಿಂದಲೇ. ನನ್ನ ಅನುಭವ ಹೇಳುತ್ತೇನೆ. ಒಂದು ಸೆಪ್ಟೆಂಬರಿನಲ್ಲಿ ನಾನೂ ಒಬ್ಬ ಗೆಳೆಯರೂ ಮಂಜಿನಲ್ಲಿ ಈ ನೆತ್ತಿ ಮುಟ್ಟಿದೆವು. ಹತ್ತು ಹೆಜ್ಜೆ ಆಚೆ ಏನೂ ಕಾಣದು. ರೆಪ್ಪೆಯ ಕೂದಲಿನ ಮೇಲೆಲ್ಲ ನೀರಿನ ಹನಿ. ಚಳಿಗೆ ಬೆರಳು ಮರಗಟ್ಟಿ ಬ್ಯಾಗಿನ ಜಿಪ್ ಹಿಡಿಯಲು ಆಗದೆ ಹಲ್ಲಿನಿಂದ ಎಳೆದು ತೆಗೆದೆ. ಬೇಗ ಇಳಿದುಬಿಡೋಣ ಅಂತ ಎದುರಿಗೆ ಕಂಡ ಏಣು ಹಿಡಿದೆವು. ಹುಲ್ಲು, ಚೆನ್ನಾದ ಇಳಿಜಾರು, ಮನಸ್ಸಿಗೆ ಹಾಯೆನಿಸಿತು. ಕಾಲು ಗಂಟೆ ಆದ ಮೇಲೆ ಗೆಳೆಯರು ದಿಕ್ಸೂಚಿ ತೆಗೆದರು. ನಾವು ಉತ್ತರಕ್ಕೆ ಹೋಗಬೇಕಿತ್ತು, ಮುಳ್ಳು ನಾವು ಪಶ್ಚಿಮಕ್ಕೆ ಹೋಗುತ್ತಿದ್ದೇವೆ ಅಂತ ತೋರಿಸುತ್ತಿತ್ತು. ಊಅರನ್‌ನ ಪಶ್ಚಿಮದ ಏಣು ಅದು, ಕೆಳಗೆ ಗ್ಲೆನ್ ಶೀಲ್‌ಗೆ ಕಡಿದಾಗಿ ಹೋಗುತ್ತದೆ. ಇಳಿದದ್ದನ್ನೆಲ್ಲ ಮತ್ತೆ ಹತ್ತಿದೆವು. ಆಗ ಕಲಿತದ್ದು: ನೆತ್ತಿಯಿಂದ ಮೊದಲು ವಾಯವ್ಯಕ್ಕೆ ಸ್ವಲ್ಪ ಇಳಿದು, ಆಮೇಲೆ ಉತ್ತರಕ್ಕೆ ತಿರುಗಬೇಕು. ಮಂಜು ಇರಲಿ ಬಿಡಲಿ, ಕಲ್ಲುಗುಪ್ಪೆಯ ಹತ್ತಿರ ನಿಂತು ದಿಕ್ಸೂಚಿ ನೋಡಿಯೇ ಹೊರಡಿ.

ಸಾಯೆಡ್ ದಾಟಿದ ಮೇಲೆ ಎರಡು ದಾರಿ. ಸುಸ್ತಾಗಿದ್ದರೆ ಅಲ್ಲಿಂದಲೇ ಪಶ್ಚಿಮದ ಏಣಿನಲ್ಲಿ ಬೆನ್ ವೂಯಿ ಕಡೆ ಇಳಿದು, ಅಲ್ಟ್ ಅ ಖ್ರೂಯಿನ್ ಹೊಳೆಯ ಪಕ್ಕದ ಕಾಲುದಾರಿ ಹಿಡಿದು ಲಾಖ್‌ನ ದಡಕ್ಕೆ ಬರಬಹುದು. ಶಕ್ತಿ ಉಳಿದಿದ್ದರೆ ಐದನೇ ತಂಗಿ ಮೋರಿಖ್‌ವರೆಗೂ ಹೋಗಬಹುದು. ಮೊದಲ ಸಲಕ್ಕೆ ಸಾಯೆಡ್‌ನಿಂದ ಇಳಿಯಿರಿ ಅನ್ನುತ್ತೇನೆ. ಹೊಳೆಯ ಪಕ್ಕದ ಇಳಿತ ಸುಲಭ ಅಲ್ಲ, ಅಲ್ಲಲ್ಲಿ ಬಂಡೆ ಇದೆ, ಮಂಡಿ ಆಗಲೇ ನಡುಗುತ್ತಿರುತ್ತದೆ. ವಾಕಿಂಗ್ ಪೋಲ್ ಎರಡು ಇಟ್ಟುಕೊಂಡರೆ ಇಲ್ಲಿ ಅದರ ಬೆಲೆ ಗೊತ್ತಾಗುತ್ತದೆ.

ಸಮಯದ ಲೆಕ್ಕ. 1892ರಲ್ಲಿ ವಿಲಿಯಂ ನೇಸ್ಮಿತ್ ಎಂಬ ಸ್ಕಾಟ್ ಬೆಟ್ಟಗಾರ ಒಂದು ಸೂತ್ರ ಕೊಟ್ಟರು. ಇವತ್ತಿನ ಅಳತೆಯಲ್ಲಿ ಹೇಳುವುದಾದರೆ ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಈ ದಾರಿ ಸುಮಾರು 14 ಕಿಲೋಮೀಟರ್, ಹಾಗಾಗಿ ಐದೂಕಾಲು ಗಂಟೆ ಬರುತ್ತದೆ. ಅದನ್ನು ನಂಬಬೇಡಿ. ಅದರಲ್ಲಿ ಊಟ ಇಲ್ಲ, ಕಲ್ಲಿನ ಮೇಲೆ ನಿಧಾನಕ್ಕೆ ಇಳಿಯುವುದು ಇಲ್ಲ, ಸುಮ್ನೆ ನಿಂತು ನೋಡುವುದು ಇಲ್ಲ. ನೀವು ಒಂಬತ್ತು ಹತ್ತು ಗಂಟೆ ಇಟ್ಟುಕೊಳ್ಳಿ. ಬೆಳಿಗ್ಗೆ ಎಂಟಕ್ಕೆ ಹೊರಟು, ಮಧ್ಯಾಹ್ನ ಹನ್ನೆರಡೂವರೆಗೆ ಕೀಶ್ಟ ಡೂಯ ಮುಟ್ಟದಿದ್ದರೆ ಬಂದ ದಾರಿಯಲ್ಲೇ ವಾಪಸ್. ಈ ಗಡುವನ್ನು ಕೆಳಗೆ ಇರುವಾಗಲೇ ಇಬ್ಬರೂ ಒಪ್ಪಿಕೊಂಡಿರಿ. ಮೇಲೆ ಹೋದ ಮೇಲೆ ಮನಸ್ಸು 'ಇನ್ನೊಂದು ಸ್ವಲ್ಪ' ಅನ್ನುತ್ತದೆ. ಜೂನ್ ಆದ್ದರಿಂದ ಬೆಳಕಿನ ಚಿಂತೆ ಇಲ್ಲ, ಬೆಳಗಿನ ನಾಲ್ಕೂವರೆ ಹೊತ್ತಿಗೆ ಸೂರ್ಯ ಹುಟ್ಟಿ ರಾತ್ರಿ ಹತ್ತು ದಾಟಿದ ಮೇಲೆ ಮುಳುಗುತ್ತಾನೆ. ಇದೇ ನಡಿಗೆಯನ್ನು ಅಕ್ಟೋಬರ್ ಕೊನೆಗೆ ಕೇಳಿದ್ದರೆ ಬೇಡ ಅನ್ನುತ್ತಿದ್ದೆ.

ಹೊರಡುವ ಜಾಗ, ಮುಗಿಯುವ ಜಾಗ ಬೇರೆ ಬೇರೆ, ನಡುವೆ ಹಲವು ಕಿಲೋಮೀಟರ್ ರಸ್ತೆ. ಕಾರನ್ನು ಮುಗಿಯುವ ಕಡೆ, ಶೀಲ್ ಬ್ರಿಡ್ಜ್ ಹತ್ತಿರ ಬಿಡಿ. ಅಲ್ಲಿಂದ ಬೆಳಿಗ್ಗೆ ಟ್ಯಾಕ್ಸಿಯಲ್ಲೋ ಬಸ್ಸಿನಲ್ಲೋ ಶುರುವಿನ ಜಾಗಕ್ಕೆ ಹೋಗಿ. ಸ್ಕೈಗೆ ಹೋಗುವ ದೂರದ ಬಸ್ಸುಗಳು ಇದೇ ರಸ್ತೆಯಲ್ಲಿ ಓಡಾಡುತ್ತವೆ, ವೇಳೆ ಮೊದಲೇ ನೋಡಿಕೊಳ್ಳಿ. ಉಲ್ಟಾ ಮಾಡಿದರೆ ಸಂಜೆ ಬಸ್ಸಿಗೋಸ್ಕರ ಇಳಿಜಾರಿನಲ್ಲಿ ಓಡುತ್ತೀರಿ. ಕಾಲು ಉಳುಕುವುದು ಆಗಲೇ.

ಹವಾಮಾನದ ವಿಷಯದಲ್ಲಿ ಫೋನಿನ ಮಾಮೂಲಿ ಆ್ಯಪ್ ಸಾಲದು, ಅದು ಹೇಳುವುದು ಊರಿನ ಹವೆ. ಮೌಂಟನ್ ವೆದರ್ ಇನ್ಫರ್ಮೇಶನ್ ಸರ್ವಿಸ್ ನೋಡಿ. ನೆತ್ತಿಯ ಮೇಲೆ ಗಾಳಿ ಎಷ್ಟು, ನೆತ್ತಿಗಳು ಮೋಡದಿಂದ ಹೊರಗಿರುವ ಸಾಧ್ಯತೆ ಶೇಕಡಾ ಎಷ್ಟು ಅಂತ ಬರೆದಿರುತ್ತಾರೆ. ಗಾಳಿ ಗಂಟೆಗೆ 35 ಮೈಲಿ ದಾಟುತ್ತದೆ ಅಂದರೆ ಏಣಿನ ಮೇಲೆ ಹೋಗಬೇಡಿ. ಮಳೆಯಲ್ಲಿ ನಡೆಯಬಹುದು, ಆ ಗಾಳಿಯಲ್ಲಿ ನೆಟ್ಟಗೆ ನಿಲ್ಲುವುದೇ ಕಷ್ಟ. ನಮ್ಮ ಸಹ್ಯಾದ್ರಿಗೆ ಅರಬ್ಬಿ ಸಮುದ್ರದ ಮೋಡ ಬಡಿದ ಹಾಗೆ ಇಲ್ಲಿ ಅಟ್ಲಾಂಟಿಕ್ ಮೋಡ ಬಂದು ಬಡಿಯುತ್ತದೆ. ವ್ಯತ್ಯಾಸ ಏನೆಂದರೆ ಆಗುಂಬೆಯಲ್ಲಿ ನೆನೆದರೆ ನೆನೆಯುತ್ತೀರಿ ಅಷ್ಟೇ. ಇಲ್ಲಿ ನೆನೆದು ಗಾಳಿಗೆ ನಿಂತರೆ ಜೂನ್‌ನಲ್ಲೂ ಮೈಯ ಬಿಸಿ ಅಪಾಯದ ಮಟ್ಟಕ್ಕೆ ಇಳಿಯಬಹುದು. ಮಾತು ತೊದಲಿದರೆ, ಸುಮ್ಮಸುಮ್ಮನೆ ಎಡವುತ್ತಿದ್ದರೆ ಅದೇ ಮೊದಲ ಸೂಚನೆ. ಎರಡು ದಿನ ಕೈಯಲ್ಲಿಟ್ಟುಕೊಳ್ಳಿ, ಒಳ್ಳೆಯದನ್ನು ಆರಿಸಿಕೊಳ್ಳಿ.

ಜೀನ್ಸ್, ಹತ್ತಿ ಬಟ್ಟೆ ಬೇಡವೇ ಬೇಡ, ಒದ್ದೆಯಾದರೆ ಒಣಗುವುದಿಲ್ಲ. ಮಳೆ ಜಾಕೆಟ್ ಜೊತೆ ಮಳೆ ಪ್ಯಾಂಟೂ ಬೇಕು, ಟೋಪಿ, ಎರಡು ಜೊತೆ ಕೈಗವಸು, ತಲೆಗೆ ಕಟ್ಟುವ ಟಾರ್ಚ್, ಸೀಟಿ. ಕಾಗದದ ನಕ್ಷೆ ಮತ್ತು ದಿಕ್ಸೂಚಿ ಇರಲೇಬೇಕು, ಚಳಿಗೆ ಫೋನಿನ ಬ್ಯಾಟರಿ ಬೇಗ ಸಾಯುತ್ತದೆ. ಆರ್ಡ್ನೆನ್ಸ್ ಸರ್ವೇಯ ಎಕ್ಸ್‌ಪ್ಲೋರರ್ 414 ತೆಗೆದುಕೊಳ್ಳಿ. ಏಣಿನ ಮೇಲೆ ನೀರು ಸಿಗುವುದಿಲ್ಲ, ಒಬ್ಬರಿಗೆ ಎರಡು ಲೀಟರ್ ಆದರೂ ಹೊರಬೇಕು. ಊಟಕ್ಕೆ ಚಪಾತಿ ಸುರುಳಿ ಒಳ್ಳೆಯದು, ಕೈಗವಸು ಹಾಕಿಕೊಂಡೇ ತಿನ್ನಬಹುದು. ಒಳಗೆ ಚಟ್ನಿಪುಡಿಗೆ ತುಪ್ಪದ ಬದಲು ಎಣ್ಣೆ ಕಲಸಿ. ತುಪ್ಪ ಆ ಚಳಿಗೆ ಗಟ್ಟಿಯಾಗಿ ಬಾಯಿಗೆ ಮೇಣದ ಥರ ಅಂಟುತ್ತದೆ. ಕಡಲೆ ಚಿಕ್ಕಿ ಜೇಬಿನಲ್ಲೇ ಇರಲಿ.

ಜೂನ್‌ನಲ್ಲಿ ಕೆಳಗಡೆ ಮಿಜ್ ಅನ್ನುವ ನೊರಜು ಮುತ್ತುತ್ತದೆ, ಗಾಳಿ ನಿಂತರೆ ಸಾಕು. ತಲೆಗೆ ಹಾಕುವ ಬಲೆ ಒಂದು ಇಟ್ಟುಕೊಳ್ಳಿ. ಇಂಬಳ ಇಲ್ಲ, ಆದರೆ ಉಣ್ಣಿ ಇದೆ. ಮಲೆನಾಡಿನಲ್ಲಿ ಉಣ್ಣಿಯಿಂದ ಮಂಗನ ಕಾಯಿಲೆ ಬರುವ ಹಾಗೆ ಇಲ್ಲಿ ಲೈಮ್ ಕಾಯಿಲೆ ಬರುತ್ತದೆ. ರಾತ್ರಿ ಸ್ನಾನದ ಹೊತ್ತಿಗೆ ಮಂಡಿಯ ಹಿಂದೆ, ಸೊಂಟದ ಪಟ್ಟಿಯಲ್ಲಿ ಹುಡುಕಿ.

ತೊಂದರೆಯಾದರೆ 999ಕ್ಕೆ ಕರೆ ಮಾಡಿ ಪೊಲೀಸರನ್ನು ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ ಬೇಕು ಅನ್ನಿ. ಬರುವವರು ಊರಿನ ಸ್ವಯಂಸೇವಕರು, ದುಡ್ಡು ತೆಗೆದುಕೊಳ್ಳುವುದಿಲ್ಲ. ಸಿಗ್ನಲ್ ಕಮ್ಮಿ ಇದ್ದರೆ ಎಸ್‌ಎಂಎಸ್ ಕೂಡ ಕಳಿಸಬಹುದು, ಅದಕ್ಕೆ ಮನೆಯಲ್ಲಿದ್ದಾಗಲೇ 'ರಿಜಿಸ್ಟರ್' ಎಂಬ ಪದವನ್ನು ಇಂಗ್ಲಿಷಿನಲ್ಲಿ ಬರೆದು 999ಕ್ಕೆ ಕಳಿಸಿ ನೋಂದಾಯಿಸಿಕೊಳ್ಳಬೇಕು. ಸೀಟಿಯಾದರೆ ನಿಮಿಷದಲ್ಲಿ ಆರು ಸಲ, ಒಂದು ನಿಮಿಷ ಬಿಟ್ಟು ಮತ್ತೆ ಆರು.

ಇನ್ನು ಅಪ್ಪ. ಅವರನ್ನು ಮೊದಲ ತಗ್ಗಿನವರೆಗೆ ಕರೆದುಕೊಂಡು ಹೋಗಿ ಅಲ್ಲಿಂದ ಒಬ್ಬರನ್ನೇ ವಾಪಸ್ ಕಳಿಸುವ ಯೋಚನೆ ಬಂದಿದ್ದರೆ ಬಿಟ್ಟುಬಿಡಿ. ಅವರಿಗಾಗಿಯೇ ಒಂದು ದಿನ ಇಡಿ. ಮೋರ್ವಿಕ್‌ನಿಂದ ಗ್ಲೆನ್ ಲಿಖ್ಡ್ ಕಣಿವೆಯೊಳಗೆ ಹೊಳೆಯ ಪಕ್ಕ ಗಾಡಿದಾರಿ ಇದೆ. ಹೆಚ್ಚುಕಮ್ಮಿ ಸಮತಟ್ಟು. ಒಳಗಿನ ಒಂಟಿ ಮನೆಯವರೆಗೆ ಸುಮಾರು 6 ಕಿಲೋಮೀಟರ್, ಎಲ್ಲಿ ಬೇಕಾದರೂ ತಿರುಗಬಹುದು. ಐವರು ಅಕ್ಕತಂಗಿಯರ ಬೆನ್ನು ಅಲ್ಲಿಂದ ತಲೆಯ ಮೇಲೇ ಕಾಣುತ್ತದೆ. ಸಂಜೆ ಕಾರಿನಲ್ಲಿ ರಾಟಗನ್ ಘಾಟಿ ಹತ್ತಿ. ಕೆಳಗೆ ಲಾಖ್, ಹಿಂದೆ ಐದು ನೆತ್ತಿಗಳು ಸಾಲಾಗಿ ಕಾಣುವುದು ಅಲ್ಲಿಂದಲೇ. ಏಣಿನ ಮೇಲೆ ನಡೆಯುವವರಿಗೆ ಆ ನೋಟ ಸಿಗುವುದಿಲ್ಲ.

ನೀವಿಬ್ಬರೂ ಹೋಗುವ ದಿನ ಅವರಿಗೆ ಡಾರ್ನಿಯಲ್ಲಿ ಉಳಿಯಲು ವ್ಯವಸ್ಥೆ ಮಾಡಿ, ಅಲ್ಲಿಂದ ಐಲಿಯನ್ ಡೋನನ್ ಕೋಟೆಗೆ ನಡೆದೇ ಹೋಗಬಹುದು. ಅವರ ಕೈಗೆ ಒಂದು ಚೀಟಿ ಕೊಡಿ. ಹೊರಟ ಜಾಗ, ಇಳಿಯುವ ಜಾಗ, ಜಾಕೆಟ್ಟಿನ ಬಣ್ಣ, ಕಾರಿನ ನಂಬರ್, ಎಷ್ಟು ಹೊತ್ತಿಗೆ ಬರುತ್ತೇವೆ ಅನ್ನುವುದು, ಎಲ್ಲ ಅದರಲ್ಲಿರಲಿ. ರಾತ್ರಿ ಒಂಬತ್ತಾದರೂ ಸುದ್ದಿ ಇಲ್ಲದಿದ್ದರೆ 999ಕ್ಕೆ ಫೋನ್ ಮಾಡಿ ಚೀಟಿ ಓದಿ ಅಂತ ಹೇಳಿ. ಹಿಂದಿನ ರಾತ್ರಿ ನಕ್ಷೆ ಬಿಡಿಸಿ ಕೂತು ದಾರಿಯನ್ನು ಅವರಿಗೂ ತೋರಿಸಿ. ಕೆಳಗೆ ಬಂದು ಸಿಗ್ನಲ್ ಸಿಕ್ಕಿದ ತಕ್ಷಣ, ಶೂ ಬಿಚ್ಚುವುದಕ್ಕೂ ಮುಂಚೆ, ಮೊದಲ ಫೋನ್ ಅವರಿಗೆ ಮಾಡಿ.